ವೀಸಾ ಬೆರಳಚ್ಚಿಗೆ ಹುಬ್ಬಳ್ಳಿಯಲ್ಲೇ ಶಿಬಿರ ನಡೆಯಲಿ

ಮಾನ್ಯರೇ,

ಹುಬ್ಬಳ್ಳಿ–ಧಾರವಾಡದ ಎಷ್ಟೋ ಮನೆಗಳ ಮಕ್ಕಳು ಈಗ ಲಂಡನ್ನಿನಲ್ಲಿದ್ದಾರೆ. ಅವರನ್ನು ನೋಡಲು ಹೋದ ಅಪ್ಪ ಅಮ್ಮನಿಗೆ ಹಾಗೇ ಪ್ಯಾರಿಸ್ಸನ್ನೂ ನೋಡಿ ಬರುವ ಆಸೆ ಆಗುತ್ತದೆ. ಲಂಡನ್ನಿನಿಂದ ರೈಲಿನಲ್ಲಿ ಎರಡೂವರೆ ಗಂಟೆಯೂ ಬೇಕಿಲ್ಲ. ಆದರೆ ಅದಕ್ಕೆ ಬೇಕಾದ ಷೆಂಗೆನ್ ವೀಸಾ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಪ್ರವಾಸಿಗರಾಗಿ ಹೋದವರಿಗೆ ಲಂಡನ್ನಿನಲ್ಲಿ ಸಿಗುವುದು ಬಹಳ ಕಷ್ಟ. ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕು ಎನ್ನುತ್ತದೆ ನಿಯಮ. ತಕ್ಕ ಕಾರಣ ತೋರಿಸಿದರೆ ಮಾತ್ರ ವಿನಾಯಿತಿ. ‘ಇಲ್ಲೀತನಕ ಬಂದಿದ್ದೇವೆ, ನೋಡಿ ಹೋಗುತ್ತೇವೆ’ ಎಂದರೆ ಯಾರೂ ಕೇಳುವುದಿಲ್ಲ.

ಹಾಗಾಗಿ ಊರು ಬಿಡುವ ಮೊದಲೇ ವೀಸಾ ಮಾಡಿಸಬೇಕು. ತೊಂದರೆ ಶುರುವಾಗುವುದೇ ಇಲ್ಲಿ. ಪಾಸ್‌ಪೋರ್ಟ್ ಕೆಲಸ ಹುಬ್ಬಳ್ಳಿಯಲ್ಲೇ ಮುಗಿಯುತ್ತದೆ. ವೀಸಾಕ್ಕೆ ಬೆರಳಚ್ಚು ಕೊಡಲು ಮಾತ್ರ 400 ಕಿ.ಮೀ. ದೂರದ ಬೆಂಗಳೂರಿಗೆ ಹೋಗಬೇಕು. ರಾತ್ರಿಯೆಲ್ಲ ಬಸ್ಸು, ಬೆಳಿಗ್ಗೆ ಕಡತ ಹಿಡಿದು ಸರತಿ, ಒಂದು ಕಾಗದ ಕಡಿಮೆ ಬಿದ್ದರೆ ಮತ್ತೆ ಅಲೆದಾಟ. ಮಂಡಿನೋವಿನ ಹಿರಿಯರು ಇದನ್ನು ಹೇಗೆ ತಾಳಬೇಕು? ಇಷ್ಟಾದರೂ ವೀಸಾ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇಲ್ಲ. ಅರ್ಜಿ ತಿರಸ್ಕಾರವಾದರೆ 90 ಯೂರೊ ಶುಲ್ಕವೂ ವಾಪಸ್ ಬರುವುದಿಲ್ಲ.

ನಮ್ಮ ಸಂಸದರು ವಿದೇಶಾಂಗ ಸಚಿವಾಲಯದ ಮೂಲಕ ರಾಯಭಾರ ಕಚೇರಿಗಳ ಜೊತೆ ಮಾತಾಡಲಿ. ಕಾಯಂ ಕೇಂದ್ರ ಆಗದಿದ್ದರೆ ತಿಂಗಳಿಗೊಮ್ಮೆಯಾದರೂ ಇಲ್ಲಿ ಬೆರಳಚ್ಚು ಶಿಬಿರ ನಡೆಯಲಿ. ಗದಗ, ಹಾವೇರಿಯವರಿಗೂ ಅನುಕೂಲ ಆಗುತ್ತದೆ.

– ಓದುಗ, ವಿದ್ಯಾನಗರ, ಹುಬ್ಬಳ್ಳಿ