ತರಬೇತಿಯ ಗಂಟೆ ಎಣಿಸಿದರೆ ಸಾಲದು, ಕೆಲಸವನ್ನೂ ನೋಡಬೇಕು

ಮಾನ್ಯ ಸಂಪಾದಕರೇ,

ವೈದ್ಯರು ಮತ್ತು ನರ್ಸ್‌ಗಳ ತರಬೇತಿ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಮಕ್ಕಳಿಗೆ ಕಲಿಸಿದ ಹಾಗೆ ದೊಡ್ಡವರಿಗೆ ಕಲಿಸಬಾರದು, ತಮಗೇನು ಬೇಕು ಅಂತ ಅವರಿಗೇ ಗೊತ್ತಿರುತ್ತದೆ, ವಿಷಯವನ್ನು ಅವರೇ ಆರಿಸಿಕೊಳ್ಳಲಿ ಎಂದು ಲೇಖಕರು ಬರೆದಿದ್ದಾರೆ. ಮೊದಲ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಉಳಿದದ್ದನ್ನು ಅಷ್ಟು ಸುಲಭವಾಗಿ ಒಪ್ಪಲಾಗದು. ಆಸ್ಪತ್ರೆ ಸಿಬ್ಬಂದಿಗೆ ತರಬೇತಿ ಕೊಡುವುದೇ ನನ್ನ ಕೆಲಸ. ಹಾಗಾಗಿ ಈ ಪತ್ರ.

ವಯಸ್ಕರು ಕಲಿಯುವ ರೀತಿಯೇ ಬೇರೆ ಎಂಬ ವಿಚಾರವನ್ನು 1960ರ ದಶಕದ ಕೊನೆಯಿಂದ ಹೆಚ್ಚು ಪ್ರಚಾರಕ್ಕೆ ತಂದವರು ಅಮೆರಿಕದ ಶಿಕ್ಷಣತಜ್ಞ ಮಾಲ್ಕಮ್ ನೋಲ್ಸ್. ದೊಡ್ಡವರು ಬರುವಾಗಲೇ ಅನುಭವ ತಂದಿರುತ್ತಾರೆ. ನಾಳೆಯ ಕೆಲಸಕ್ಕೆ ಬೇಕಾದದ್ದನ್ನು ಬೇಗ ಹಿಡಿಯುತ್ತಾರೆ. ಯಾಕೆ ಕಲಿಯಬೇಕು ಅಂತ ತಿಳಿಯದಿದ್ದರೆ ಮನಸ್ಸು ಕೊಡುವುದಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಾತ್ರಿ ಡ್ಯೂಟಿಯಲ್ಲಿ ಸೆಪ್ಸಿಸ್ (ಸೋಂಕಿಗೆ ದೇಹದ ಪ್ರತಿಕ್ರಿಯೆ ಅತಿಯಾಗಿ ಅಂಗಗಳಿಗೇ ಹಾನಿಯಾಗುವ ಸ್ಥಿತಿ) ರೋಗಿಯನ್ನು ನೋಡಿಕೊಂಡ ನರ್ಸ್ ಮರುದಿನ ಅದೇ ವಿಷಯದ ಪಾಠದಲ್ಲಿ ಕೇಳುವ ಪ್ರಶ್ನೆಗಳೇ ಬೇರೆ. ಅಂಥವರನ್ನು ಸುಮ್ನೆ ಕೂರಿಸಿ ಸ್ಲೈಡ್ ಓದಿ ಹೇಳಿದರೆ ಅವರ ಅನುಭವಕ್ಕೆ ಮರ್ಯಾದೆ ಕೊಟ್ಟಂತಾಗುವುದಿಲ್ಲ.

ಆದರೆ ತಮ್ಮ ಕೊರತೆ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆಯೇ? ವೈದ್ಯರು ತಮ್ಮನ್ನು ತಾವೇ ಎಷ್ಟು ಸರಿಯಾಗಿ ಅಳೆಯಬಲ್ಲರು ಎಂಬ ಬಗ್ಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ 2006ರಲ್ಲಿ ಒಟ್ಟಿಗೆ ಪರಿಶೀಲಿಸಲಾಯಿತು. ಒಟ್ಟು 20 ಹೋಲಿಕೆಗಳಲ್ಲಿ 13ರಲ್ಲಿ ವೈದ್ಯರ ಸ್ವಂತ ಅಂದಾಜಿಗೂ ಹೊರಗಿನವರು ಅಳೆದದ್ದಕ್ಕೂ ತಾಳೆಯಾಗಲಿಲ್ಲ, ಕೆಲವು ಕಡೆ ಉಲ್ಟಾ ಇತ್ತು. ಕೌಶಲ ಕಡಿಮೆ, ಧೈರ್ಯ ಜಾಸ್ತಿ ಇದ್ದವರ ಅಂದಾಜು ಎಲ್ಲರಿಗಿಂತ ತಪ್ಪಾಗಿತ್ತು. ಹೀಗಿರುವಾಗ ವಿಷಯದ ಆಯ್ಕೆಯನ್ನು ಪೂರ್ತಿ ಅವರಿಗೇ ಬಿಟ್ಟರೆ ಏನಾಗುತ್ತದೆ? ಹೃದ್ರೋಗ ತಜ್ಞರು ಮತ್ತೆ ಹೃದಯದ ಉಪನ್ಯಾಸಕ್ಕೇ ಹೋಗುತ್ತಾರೆ. ರೋಗಿಯ ಮನೆಯವರಿಗೆ ಕೆಟ್ಟ ಸುದ್ದಿ ಹೇಳುವುದು ಹೇಗೆ ಎಂಬ ತರಗತಿ ಖಾಲಿ ಉಳಿಯುತ್ತದೆ.

ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸಲು ಯತ್ನಿಸುವ ಸಿಪಿಆರ್ ಉದಾಹರಣೆ ತೆಗೆದುಕೊಳ್ಳಿ. ದೊಡ್ಡವರ ಎದೆಯನ್ನು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಕೇಳಿದರೆ ಇದನ್ನೆಲ್ಲ ಬಾಯಿಪಾಠ ಒಪ್ಪಿಸುವವರು ಬಹಳ. ಆಳ ತೋರಿಸುವ ಗೊಂಬೆಯ ಮುಂದೆ ಮಂಡಿಯೂರಿದಾಗ ಅವರಲ್ಲೇ ಹಲವರ ಕೈ ಅರ್ಧಕ್ಕೇ ನಿಲ್ಲುತ್ತದೆ. ಪರದೆಯ ಮೇಲೆ ಅದು ಕಂಡ ಕೂಡಲೇ ಯಾರೂ ಹೇಳಿಕೊಡದಿದ್ದರೂ ಭುಜ ನೇರವಾಗುತ್ತದೆ, ಮೈಭಾರ ಕೈಗೆ ಬರುತ್ತದೆ. ಆ ಒಂದು ನಿಮಿಷದ ಕಲಿಕೆ ಅರ್ಧ ದಿನದ ಭಾಷಣಕ್ಕಿಂತ ದೊಡ್ಡದು ಅಂತ ನಾನು ನಂಬಿದ್ದೇನೆ. ಆದರೆ ಈ ಕೌಶಲ ಕೆಲವೇ ತಿಂಗಳಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ತರಬೇತಿ ಮುಗಿದಾಗ ಕೊಡುವ ಕಾರ್ಡಿಗೆ ಮಾತ್ರ ಎರಡು ವರ್ಷದ ವಾಯಿದೆ! ಮೂರು ತಿಂಗಳಿಗೊಮ್ಮೆ ವಾರ್ಡಿನಲ್ಲೇ ಗೊಂಬೆ ಇಟ್ಟು ಹತ್ತು ನಿಮಿಷ ಅಭ್ಯಾಸ ಮಾಡಿಸುವ ಆಸ್ಪತ್ರೆಗಳಿವೆ. ಉಳಿದ ಕಡೆ ಯಾಕಾಗಬಾರದು?

ನೆನಪಿನ ವಿಷಯವೂ ಹೀಗೆಯೇ. ಪದೇ ಪದೇ ಓದುವುದಕ್ಕಿಂತ, ಪುಸ್ತಕ ಮುಚ್ಚಿ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸಿದರೆ ಹೆಚ್ಚು ದಿನ ನೆನಪಿರುತ್ತದೆ. ತರಬೇತಿಯಲ್ಲಿದ್ದ ಯುವ ವೈದ್ಯರ ಮೇಲೂ ಇದರ ಪ್ರಯೋಗ ನಡೆದು 2009ರಲ್ಲಿ ಪ್ರಕಟವಾಗಿದೆ. ಓದಿದ್ದನ್ನೇ ಮತ್ತೆ ಓದಿದ ವಿಷಯಕ್ಕಿಂತ, ನಡುನಡುವೆ ಪರೀಕ್ಷೆ ಬರೆದ ವಿಷಯ ಆರು ತಿಂಗಳ ನಂತರವೂ ಅವರಿಗೆ ಹೆಚ್ಚು ನೆನಪಿತ್ತು. ಅಂಕಪಟ್ಟಿಗೆ ಸೇರದ ಪುಟ್ಟ ಪರೀಕ್ಷೆ ಸಾಕು.

1990ರಲ್ಲಿ ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ ವೈದ್ಯರ ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲಾಗಿ ವಿವರಿಸಿದರು. ಗೊತ್ತಿರುವುದು, ಹೇಗೆ ಮಾಡಬೇಕೆಂದು ಗೊತ್ತಿರುವುದು, ಮಾಡಿ ತೋರಿಸುವುದು, ನಿಜವಾದ ಕೆಲಸದಲ್ಲಿ ಮಾಡುವುದು. ನಮ್ಮ ತರಬೇತಿಗಳಲ್ಲಿ ಹೆಚ್ಚಿನವು ಮೊದಲ ಮೆಟ್ಟಿಲಲ್ಲೇ ಮುಗಿಯುತ್ತವೆ. ಕೊನೆಯ ಮೆಟ್ಟಿಲನ್ನು ನೋಡಬೇಕಾದರೆ ಯಾರಾದರೂ ರೋಗಿಯ ಹಾಸಿಗೆಯ ಪಕ್ಕ ನಿಲ್ಲಬೇಕು. ಇನ್ನೂ ಕಲಿಯುತ್ತಿರುವ ವೈದ್ಯರಿಗೆ ಅನೇಕ ದೇಶಗಳಲ್ಲಿ ಈ ಪದ್ಧತಿ ಇದೆ. ಹಿರಿಯರೊಬ್ಬರು ಹದಿನೈದು ನಿಮಿಷ ನೋಡುತ್ತಾರೆ, ಐದು ನಿಮಿಷ ಮಾತಾಡುತ್ತಾರೆ. ಪದವಿ ಬಂದು ನಾಲ್ಕಾರು ವರ್ಷ ಕಳೆದ ಮೇಲೆ ಹೀಗೆ ನೋಡುವವರು ಬಹುತೇಕ ಯಾರೂ ಇರುವುದಿಲ್ಲ. ನನಗೆ ಅತಿ ದೊಡ್ಡ ಕೊರತೆ ಅನಿಸುವುದು ಇದೇ.

ಸಮಯ ಎಲ್ಲಿದೆ ಅಂತ ಆಡಳಿತದವರು ಕೇಳುತ್ತಾರೆ. ಇಡೀ ದಿನದ ಕಾರ್ಯಾಗಾರಕ್ಕೆ ಸಿಗುವ ಸಮಯ ಇಪ್ಪತ್ತು ನಿಮಿಷಕ್ಕೆ ಸಿಗುವುದಿಲ್ಲವೇ? ನಿಜವಾದ ಅಡ್ಡಿ ಮುಜುಗರ. ಇಪ್ಪತ್ತು ವರ್ಷ ಸರ್ವಿಸ್ ಆದವರು ಕಿರಿಯರ ಎದುರು ತಡವರಿಸಲು ಇಷ್ಟಪಡುವುದಿಲ್ಲ, ಸಹಜ ಅಲ್ವಾ? 1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಆಮಿ ಎಡ್ಮಂಡ್‌ಸನ್ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ವರದಿಯಾಗಿದ್ದವು. ಅಲ್ಲಿ ಬಾಯಿ ಬಿಟ್ಟು ಹೇಳಲು ಹೆದರಿಕೆ ಇರಲಿಲ್ಲ. ಹಾಗಾಗಿ ಮೊದಲು ತಮ್ಮ ಕೆಲಸ ನೋಡಲು ಬಿಡಬೇಕಾದವರು ವಿಭಾಗದ ಮುಖ್ಯಸ್ಥರು. ಅವರು ಕಿರಿಯರನ್ನು ಪಕ್ಕಕ್ಕೆ ಕರೆದು "ನಾನು ಮಾಡುವುದನ್ನು ನೋಡಿ, ಏನು ಬಿಟ್ಟೆ ಹೇಳಿ" ಅಂದರೆ ಉಳಿದವರ ಸಂಕೋಚ ತಾನಾಗಿ ಕರಗುತ್ತದೆ.

ತರಬೇತಿಯಲ್ಲಿ ಕಳೆದ ಗಂಟೆ ಎಣಿಸಿ ಕ್ರೆಡಿಟ್ (ಅಂಕ) ಕೊಡುವ ಸಂಸ್ಥೆಗಳಲ್ಲಿ ನನ್ನದೊಂದು ಕೋರಿಕೆ. ಪ್ರಮಾಣಪತ್ರದಲ್ಲಿ ಗಂಟೆಗಳ ಜೊತೆ ಇನ್ನೊಂದು ಸಾಲು ಸೇರಿಸಿ: ಇವರು ಯಾವ ಕೆಲಸ ಮಾಡುವುದನ್ನು ಯಾರು ನೋಡಿದರು, ಯಾವ ದಿನ.

ಇಂತಿ,
ಆಸ್ಪತ್ರೆ ಸಿಬ್ಬಂದಿಯ ಒಬ್ಬ ತರಬೇತುದಾರೆ