ಒಂದು ನಿಮಿಷದ ಪ್ಲೇಟುಗಳಿಗಾಗಿ ದುಡಿದವರಿಗೆ

ನನ್ನ ಹತ್ತಿರ ಇರುವ ದನಿಪತ್ರಗಳು, ಅಂದರೆ ಕಾಗದದ ಬದಲು ಮಾತನ್ನೇ ಕೊರೆದು ಕಳಿಸುತ್ತಿದ್ದ ಗ್ರಾಮಫೋನ್ ಪ್ಲೇಟುಗಳೆಲ್ಲ, ಒಂದನ್ನು ಬಿಟ್ಟು, ಕೊನೆಗೂ ಡಿಜಿಟಲ್ ಆಗಿವೆ. ನಾನೊಬ್ಬನೇ ಮಾಡಿದೆ ಅಂದುಕೊಂಡು ಓಡಾಡಿದರೆ ಅದು ಹಸಿ ಸುಳ್ಳು. ಅದಕ್ಕೇ ಈ ಬರಹ.

ಇವು ಅಂಗಡಿಯಲ್ಲಿ ಮಾರುತ್ತಿದ್ದ ಹಾಡಿನ ಪ್ಲೇಟುಗಳಲ್ಲ. 1930, 40ರ ದಶಕಗಳಲ್ಲಿ ಅಮೆರಿಕದ ಜನ ತಮ್ಮ ಮಾತನ್ನು ತಾವೇ ಕೊರೆದುಕೊಂಡವು. ಮನೆಯಲ್ಲಾದರೆ ವಿಲ್ಕಾಕ್ಸ್-ಗೇ ಕಂಪನಿಯ ರೆಕಾರ್ಡಿಯೋ ತರಹದ ಯಂತ್ರ. ಹೊರಗಾದರೆ ವಾಯ್ಸ್-ಓ-ಗ್ರಾಫ್ ಎಂಬ ಗೂಡು. ಒಳಗೆ ಹೋಗಿ ನಾಣ್ಯ ಹಾಕಿ ಒಂದು ನಿಮಿಷದಷ್ಟು ಮಾತಾಡಿದರೆ ಪುಟ್ಟ ಪ್ಲೇಟು ಕೈಗೆ ಬರುತ್ತಿತ್ತು. ಲಕೋಟೆಗೆ ಹಾಕಿ ಅಂಚೆಗೆ ಕೊಡುವುದಷ್ಟೇ ಬಾಕಿ. ಎರಡನೇ ಮಹಾಯುದ್ಧದ ಕಾಲಕ್ಕೆ ಪೆಪ್ಸಿ ಕಂಪನಿ ಸೈನಿಕರಿಗೆ ಇದನ್ನು ಪುಕ್ಕಟೆಯಾಗಿ ಮಾಡಿಕೊಡುತ್ತಿತ್ತು. ಆಮೇಲೆ ಟೇಪ್ ರೆಕಾರ್ಡರ್ ಬಂತು, ಇವು ಅಟ್ಟ ಸೇರಿದವು.

ಪ್ರತಿ ಪ್ಲೇಟೂ ಜಗತ್ತಿನಲ್ಲಿ ಒಂದೇ ಒಂದು. ಹಾಳಾದರೆ ಮತ್ತೊಂದು ತರೋಣ ಅನ್ನುವ ಹಾಗಿಲ್ಲ. ಜೊತೆಗೆ, ಕೇಳಿದಷ್ಟೂ ಸವೆಯುತ್ತದೆ. ಆ ಕಾಲದ ಉಕ್ಕಿನ ಮುಳ್ಳು ಇಟ್ಟು ಹತ್ತಾರು ಸಲ ಕೇಳಿದ ಪ್ಲೇಟಿನಲ್ಲಿ ಮಾತಿಗಿಂತ ಗರಗರ ಸದ್ದೇ ಜಾಸ್ತಿ. ಮನೆಯವರು ಪ್ರೀತಿಯಿಂದ ಮತ್ತೆ ಮತ್ತೆ ಕೇಳಿದ್ದೇ ಅದಕ್ಕೆ ಮುಳುವಾಗಿದೆ, ನೋಡಿ.

ಮೊದಲ ಧನ್ಯವಾದ, ಶುಚಿ ಮಾಡುವುದು ಹೇಗೆ ಅಂತ ಕಲಿಸಿದ ಅಮ್ಮನಿಗೆ. ಅವರು ನಿವೃತ್ತ ದಾಖಲೆ ಸಂರಕ್ಷಕಿ. ಹೆಸರು ಹಾಕಬೇಡ ಅಂದಿದ್ದಾರೆ. ಪ್ಲೇಟಿನ ಮೇಲೆ ಬೂಷ್ಟಿನಂತೆ ಬಿಳಿ ಪುಡಿ ಕಂಡಾಗ ನಾನು ಗಾಬರಿಯಾಗಿದ್ದೆ. ಅದು ಬೂಷ್ಟು ಅಲ್ಲ, ಗೀರು ಕೊರೆಯುವ ಮೇಲಿನ ಮೆರುಗೆಣ್ಣೆಯಂಥ ಲ್ಯಾಕರ್ ಪದರ ಮೆತ್ತಗಿರಲಿ ಅಂತ ಸೇರಿಸಿದ್ದ ಹರಳೆಣ್ಣೆ ಕಾಲಕ್ರಮೇಣ ಒಡೆದು, ಪಾಲ್ಮಿಟಿಕ್ ಆಮ್ಲವಾಗಿ ಹೊರಗೆ ಬರುತ್ತಿರುವುದು ಅಂತ ಹೇಳಿಕೊಟ್ಟವರು ಅವರು. ಸ್ಪಿರಿಟ್ ತಾಕಿಸಿದರೆ ಲ್ಯಾಕರ್ ಕರಗುತ್ತದೆ, ರಟ್ಟಿನ ಪ್ಲೇಟಾದರೆ ಅಂಚಿಗೆ ನೀರು ತಾಗಿದರೂ ಉಬ್ಬುತ್ತದೆ ಅಂತ ಎಚ್ಚರಿಸಿದವರೂ ಅವರೇ. ಒಂದೊಂದು ಪ್ಲೇಟಿನ ಫೋಟೋ ಕಳಿಸಿ "ಇದನ್ನೇನು ಮಾಡಲಿ?" ಅಂತ ಕೇಳುತ್ತಿದ್ದೆ. ಎಷ್ಟೋ ಸಲ ಬಂದ ಉತ್ತರ ಒಂದೇ: "ಸುಮ್ನೆ ಬಿಡು, ಮುಟ್ಟಬೇಡ." ಆ ಬೈಗುಳದಂಥ ಉತ್ತರಗಳಿಂದಲೇ ಎಷ್ಟೋ ಪ್ಲೇಟು ಉಳಿದಿವೆ.

ಎರಡನೆಯದು, ನುಡಿಸಿಕೊಟ್ಟ ಗೆಳೆಯನಿಗೆ. ಅವನ ತಾಳ್ಮೆ ನನಗೆ ಏಳು ಜನ್ಮಕ್ಕೂ ಬರುವುದಿಲ್ಲ. ಎಲ್‌ಪಿ ರೆಕಾರ್ಡಿನ ಸಣ್ಣ ಮುಳ್ಳು ಈ ಅಗಲದ ಗೀರುಗಳ ತಳಕ್ಕೆ ಹೋಗಿ ಕಸವನ್ನಷ್ಟೇ ಕೆರೆಯುತ್ತದೆ. ಅದಕ್ಕೆ ಅವನು ಬೇರೆ ಬೇರೆ ಅಳತೆಯ ಮುಳ್ಳು ಇಟ್ಟುಕೊಂಡಿದ್ದಾನೆ. ಗೀರಿನ ಗೋಡೆಯಲ್ಲಿ ಹಳೇ ಮುಳ್ಳು ಸವೆಸದ ಜಾಗ ಎಲ್ಲಿದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿಗೆ ಸರಿಯಾಗಿ ಕೂರುವ ಮುಳ್ಳನ್ನೇ ಆರಿಸುತ್ತಿದ್ದ. ಕೆಲವು ಪ್ಲೇಟು ಒಳಗಿನಿಂದ ಶುರುವಾಗಿ ಅಂಚಿನಲ್ಲಿ ಮುಗಿಯುತ್ತವೆ. ಕೆಲವದರಲ್ಲಿ ಕೊರೆಯುವಾಗ ಯಂತ್ರವೇ ಸುಸ್ತಾಗಿ, ಮಾತು ಮಧ್ಯದಲ್ಲಿ ವೇಗ ಬದಲಿಸುತ್ತದೆ. ಅವನು ಒಂದಕ್ಕೂ ಗೊಣಗಲಿಲ್ಲ. ದುಡ್ಡು ಅಂದರೆ ಮಾತ್ರ ಗೊಣಗುತ್ತಾನೆ, ತೆಗೆದುಕೊಳ್ಳುವುದಿಲ್ಲ.

ಮಾತು ಬಿಡಿಸಿ ಬರೆದುಕೊಟ್ಟ ಮೂವರು ಗೆಳತಿಯರಿಗೂ ಋಣಿ. ನನಗೆ ಬರೀ ಗೊರಗೊರ ಕೇಳುವ ಕಡೆ ಅವರಿಗೆ ವಾಕ್ಯ ಕೇಳುತ್ತಿತ್ತು. ಒಂದು ಪ್ಲೇಟಿನಲ್ಲಿ ಒಬ್ಬ ಹುಡುಗ, ಅಮ್ಮನಿಗೆ ಚೆನ್ನಾಗಿದ್ದೀನಿ ಅಂತ ಹೇಳಿ, ಕೆಮ್ಮಿ, ಆಮೇಲೆ ಏನೂ ತೋಚದೆ "ಇನ್ನೂ ಟೈಮ್ ಇದೆಯಾ?" ಅಂತ ಯಾರನ್ನೋ ಕೇಳುತ್ತಾನೆ. ಉಳಿದದ್ದಕ್ಕೆಲ್ಲ ಸೀಟಿ ಹೊಡೆಯುತ್ತಾನೆ. ಇಂಥದ್ದೇ ಜಾಸ್ತಿ. ಸಂಗ್ರಹಕಾರರಲ್ಲಿ ಕೆಲವರು ಹಾಡು, ಯುದ್ಧದ ಸುದ್ದಿ ಇರುವ ಪ್ಲೇಟಿಗೆ ಬೆಲೆ ಕಟ್ಟಿ, ಇದನ್ನು ಮೂಲೆಗೆ ತಳ್ಳುತ್ತಾರೆ. ನನಗದು ಒಪ್ಪಿಗೆಯಿಲ್ಲ. ಆ ಸೀಟಿಯನ್ನು ಬೇರೆ ಯಾವ ದಾಖಲೆಯಲ್ಲಿ ಹುಡುಕುತ್ತೀರಿ? ನನ್ನ ಗೆಳತಿಯರು ಆ ಕೆಮ್ಮನ್ನೂ ಬಿಡದೆ ಬರೆದಿದ್ದಾರೆ.

ಪ್ಲೇಟುಗಳನ್ನು ಗಟ್ಟಿ ರಟ್ಟಿನ ನಡುವೆ ಇಟ್ಟು ಜೋಪಾನವಾಗಿ ಕಳಿಸಿದ ಮಾರಾಟಗಾರರಿಗೆಲ್ಲ ವಂದನೆ. ಬರೀ ತೆಳು ಕವರಿನಲ್ಲಿ ಹಾಕಿ ಕಳಿಸಿದವರಿಗೆ ಸದ್ಯಕ್ಕೆ ಇಲ್ಲ.

ಇನ್ನೊಂದು ಕುಟುಂಬಕ್ಕೆ ವಿಶೇಷವಾಗಿ ಹೇಳಬೇಕು. ಚೀಟಿಯ ಮೇಲಿನ ಹೆಸರು ಹಿಡಿದು ಅವರನ್ನು ಹುಡುಕಿ ಫೈಲು ಕಳಿಸಿದೆ. ಅವರು ಕೇಳಿ, ಖುಷಿಪಟ್ಟು, ಇದನ್ನು ಬೇರೆಯವರಿಗೆ ಕೇಳಿಸಬೇಡಿ ಅಂದರು. ಮೊದಲು ನನಗೆ ಸ್ವಲ್ಪ ಬೇಜಾರಾಯಿತು, ಅದು ನನ್ನ ಸಂಗ್ರಹದಲ್ಲೇ ಅತ್ಯಂತ ಸ್ಪಷ್ಟವಾದ ಪ್ಲೇಟು. ಆದರೆ ದುಡ್ಡು ಕೊಟ್ಟು ಪ್ಲೇಟು ಕೊಂಡವನು ನಾನು, ದನಿ ಅವರ ಅಜ್ಜಿಯದು. ಅವರ ಮಾತಿನಿಂದಾಗಿ ಈಗ ಹೆಸರು, ವಿಳಾಸ ಕೇಳಿಸುವ ಯಾವುದನ್ನೂ ಮನೆಯವರನ್ನು ಕೇಳದೆ ಹೊರಗೆ ಬಿಡುವುದಿಲ್ಲ. ಪ್ಲೇಟನ್ನೂ ಅವರಿಗೇ ಕಳಿಸಿಕೊಟ್ಟೆ.

ಉಳಿದಿರುವ ಆ ಒಂದು ಪ್ಲೇಟು ಗಾಜಿನದು. ಯುದ್ಧದ ಕಾಲದಲ್ಲಿ ಅಲ್ಯೂಮಿನಿಯಂ ಸಿಗದೆ ಗಾಜಿನ ಮೇಲೆ ಲ್ಯಾಕರ್ ಬಳಿದು ಮಾಡುತ್ತಿದ್ದರು. ನನ್ನದು ಬಿರುಕು ಬಿಟ್ಟಿದೆ, ಮುಳ್ಳು ಇಡುವ ಹಾಗೇ ಇಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಾರ್ಲ್ ಹೇಬರ್ ಮತ್ತು ಜೊತೆಗಾರರು ಕಟ್ಟಿದ ಐರೀನ್ ಎಂಬ ವ್ಯವಸ್ಥೆ, ಪ್ಲೇಟನ್ನು ಮುಟ್ಟದೆ ಗೀರುಗಳ ಚಿತ್ರ ತೆಗೆದು ಅದರಿಂದಲೇ ಸದ್ದು ಹೊರಡಿಸುತ್ತದೆ. ಆ ದಾರಿಯ ಖರ್ಚು ಹೊಂದಿಸಲು ಕೈಜೋಡಿಸುತ್ತೇವೆ ಅಂತ ಕೆಲವರು ಕೇಳದೆಯೇ ಮುಂದೆ ಬಂದಿದ್ದೀರಿ. ನಿಮಗೂ ಧನ್ಯವಾದ, ಲೆಕ್ಕವನ್ನು ಮುಂದಿನ ತಿಂಗಳು ಕೊಡುತ್ತೇನೆ.

ಅಂದ ಹಾಗೆ, ನಿಮ್ಮ ಅಟ್ಟದಲ್ಲೂ ಇಂಥದ್ದೊಂದು ಸಿಕ್ಕರೆ, ಏನಿದೆ ಅಂತ ನೋಡಲು ಹಳೇ ಗ್ರಾಮಫೋನಿನ ಮೇಲೆ ಮಾತ್ರ ಇಡಬೇಡಿ. ಮೊದಲು ಒಂದು ಫೋಟೋ ಕಳಿಸಿ. ಅಮ್ಮನಿಂದ ಬೈಸಿಕೊಳ್ಳುವ ಕೆಲಸ ನನಗಿರಲಿ.