ಇಸ್ಪೀಟ್ ಎಕ್ಕ ಹೇಳಿದ ತಾತನ ಕತೆ

ಪ್ರೀತಿಯ ಗೆಳೆಯಾ,

ಅಟ್ಟ ಖಾಲಿ ಮಾಡುವಾಗ ನಿಮ್ಮ ತಾತನ ಟ್ರಂಕ್ ಸಿಕ್ಕಿತು, ಒಳಗೆ ಬರೀ ಹಳೇ ಬಟ್ಟೆ, ಬ್ಯಾಡ್ಜು ಅಂತ ಬರೆದಿದ್ದೀಯ. ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡ. ಅಮ್ಮನಿಗೂ ಒಂದು ಮಾತು ಹೇಳು, ಆ ಹಿತ್ತಾಳೆ ಬ್ಯಾಡ್ಜನ್ನು ಹುಣಸೆಹಣ್ಣು ಹಾಕಿ ತಿಕ್ಕೋದು ಬೇಡ. ಮೊದಲೇ ಸವೆದ ಗುರುತು ಇನ್ನೂ ಸವೆಯುತ್ತೆ. ಬಟ್ಟೆಯನ್ನು ನೆನೆಸೋದೂ ಬೇಡ, ಇಸ್ತ್ರಿ ಹಾಕೋದೂ ಬೇಡ. ಯಾಕೆ ಇಷ್ಟು ಹೇಳುತ್ತಿದ್ದೀನಿ ಅಂದರೆ, ನಮ್ಮ ತಾತನ ಬಗ್ಗೆ ಈಗ ನನಗೆ ಗೊತ್ತಿರುವುದೆಲ್ಲ ಅಂಥದ್ದೇ ಟ್ರಂಕಿನಿಂದ ಬಂದದ್ದು.

ನಮ್ಮದು ಕೋಲಾರದ ಕಡೆಯ ಮರಗೆಲಸದ ಮನೆತನ. ಊರಲ್ಲಿ ಎಲ್ಲರೂ ಅವರನ್ನು 'ಸುಬೇದಾರ್ ತಾತ' ಅಂತಲೇ ಕರೆಯುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬರ್ಮಾಕ್ಕೆ, ಅಂದರೆ ಈಗಿನ ಮ್ಯಾನ್ಮಾರ್‌ಗೆ, ಹೋಗಿದ್ದರು ಅನ್ನುವುದೊಂದು ಬಿಟ್ಟರೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಅವರು ಹೇಳಲಿಲ್ಲ, ಯಾರೂ ಕೂರಿಸಿ ಕೇಳಲೂ ಇಲ್ಲ. ಕಾಗದಪತ್ರ ಗೆದ್ದಲು ತಿಂದು ಹೋಗಿತ್ತು. ಉಳಿದದ್ದು ಒಂದು ಅಂಗಿ, ಅದರ ಎದೆಯ ಮೇಲೆ ಬಣ್ಣ ಮಾಸಿದ ರಿಬ್ಬನ್ ತುಂಡು, ಟ್ರಂಕಿನ ತಳದಲ್ಲಿ ಬಾಗಿದ ಹಿತ್ತಾಳೆ ಅಕ್ಷರಗಳ ಒಂದು ಪಟ್ಟಿ. ಅಷ್ಟೇ.

ಅಂಗಿಯ ಬಣ್ಣದಿಂದಲೇ ಶುರು ಮಾಡಬಹುದು. ಆಫ್ರಿಕಾದ ಮರಳುಗಾಡಿಗೆ ಹೋದ ನಮ್ಮ ಸೈನಿಕರು ತೊಟ್ಟದ್ದು ಖಾಕಿ. ಬರ್ಮಾದ ಕಾಡಿಗೆ ಹೋದವರಿಗೆ ಮೊದಮೊದಲು ಅದೇ ಖಾಕಿಯನ್ನು ಹಸಿರು ಬಣ್ಣಕ್ಕೆ ಅದ್ದಿ ಕೊಟ್ಟರು. ಆಮೇಲೆ ಜಂಗಲ್ ಗ್ರೀನ್ ಅನ್ನುವ ಕಡು ಹಸಿರು ಬಟ್ಟೆಯೇ ಬಂತು. ತಾತನ ಅಂಗಿ ಆ ಹಸಿರಿನದು. ಕಾಲರ್ ಒಳಗೆ ಕಪ್ಪು ಮಸಿಯ ಮುದ್ರೆ ಇದೆ. ಒಂದು ಬಾಣದ ಗುರುತು, ಅದರ ಜೊತೆ ಇಂಗ್ಲಿಷಿನ ಐ ಅಕ್ಷರ, ಪಕ್ಕದಲ್ಲಿ 44. ಬಾಣ ಅಂದರೆ ಸರ್ಕಾರದ ಮಾಲು, ಐ ಅಂದರೆ ಇಂಡಿಯಾ, 44 ಅಂದರೆ 1944. ಒಂದು ಕಾಗದವೂ ಇಲ್ಲದೆ ಇಷ್ಟು ಸಿಕ್ಕಿತು ನೋಡು.

ತೋಳಿನ ಮೇಲ್ಭಾಗದಲ್ಲಿ ಒಂದು ಚೌಕ ಬಟ್ಟೆ ಹೊಲಿದಿದ್ದಾರೆ. ಅದರಲ್ಲಿ ಕಪ್ಪು ಇಸ್ಪೀಟ್ ಎಕ್ಕ. ಅಜ್ಜಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲವಂತೆ. ಮಿಲಿಟರಿಯಲ್ಲಿ ಇಸ್ಪೀಟ್ ಆಡುವುದನ್ನು ಕಲಿತದ್ದಕ್ಕೆ ಇದೇ ಸಾಕ್ಷಿ ಅಂತ ಅವರ ನಂಬಿಕೆ. ಅದಕ್ಕೇ ಆ ಅಂಗಿ ಟ್ರಂಕಿನಿಂದ ಹೊರಗೆ ಬರಲೇ ಇಲ್ಲ. ಬಹುಶಃ ಅದಕ್ಕೇ ಉಳಿದುಕೊಂಡಿತು ಕೂಡ.

ಆ ಎಕ್ಕ 25ನೇ ಇಂಡಿಯನ್ ಡಿವಿಷನ್ನಿನ ಗುರುತು. ಡಿವಿಷನ್ ಅಂದರೆ ಸೈನ್ಯದ ಒಂದು ದೊಡ್ಡ ವಿಭಾಗ. ಆಗಿನ ಸೈನ್ಯದಲ್ಲಿ ಪ್ರತಿ ಡಿವಿಷನ್ನಿಗೂ ಒಂದು ಚಿತ್ರ ಇರುತ್ತಿತ್ತು. 4ನೇ ಡಿವಿಷನ್ನಿಗೆ ಕೆಂಪು ಹದ್ದು, 5ನೆಯದಕ್ಕೆ ಕೆಂಪು ಚೆಂಡು, 17ನೆಯದಕ್ಕೆ ಕಪ್ಪು ಬೆಕ್ಕು, 23ನೆಯದಕ್ಕೆ ಕೆಂಪು ಹುಂಜ, 26ನೆಯದಕ್ಕೆ ಹುಲಿ. ಓದು ಬಾರದ ಜವಾನನಿಗೂ ನೋಡಿದ ಕೂಡಲೇ ತನ್ನವರು ಯಾರು ಅಂತ ತಿಳಿಯುತ್ತಿತ್ತು. ಈಗ ನಮಗೂ ಅದೇ ದಾರಿ. ಚಿತ್ರ ಗೊತ್ತಾದರೆ ಡಿವಿಷನ್ ಗೊತ್ತಾಯಿತು, ಡಿವಿಷನ್ ಗೊತ್ತಾದರೆ ಅದು ಯಾವ ತಿಂಗಳು ಎಲ್ಲಿತ್ತು ಅನ್ನುವುದು ಗೊತ್ತಾಗುತ್ತೆ.

ನನಗೆ ಮೈ ಜುಮ್ಮೆಂದದ್ದು ಇಲ್ಲೇ. ಈ 25ನೇ ಡಿವಿಷನ್ ಹುಟ್ಟಿದ್ದು ನಮ್ಮ ಬೆಂಗಳೂರಲ್ಲೇ, 1942ರ ಆಗಸ್ಟಿನಲ್ಲಿ. ಆ ವರ್ಷ ಫೆಬ್ರವರಿಯಲ್ಲಿ ಸಿಂಗಾಪುರ, ಮಾರ್ಚಿನಲ್ಲಿ ರಂಗೂನ್ ಬಿದ್ದಿತ್ತು. ಜಪಾನಿನವರು ದಕ್ಷಿಣದ ಕರಾವಳಿಗೆ ಬಂದಿಳಿದರೆ ಏನು ಗತಿ ಅನ್ನುವ ಭಯ. ಅದನ್ನು ಎದುರಿಸಲು ಕಟ್ಟಿದ ಡಿವಿಷನ್ ಇದು. ಜಪಾನಿನವರು ಇಲ್ಲಿಗೆ ಬರಲಿಲ್ಲ, ಇವರೇ ಅಲ್ಲಿಗೆ ಹೋದರು. 1944ರಲ್ಲಿ ಬರ್ಮಾದ ಪಶ್ಚಿಮ ಕರಾವಳಿ ಅರಾಕಾನಿಗೆ. ಆ ಮಳೆಗಾಲವನ್ನು ಮಾಂಗ್‌ಡಾ ಬೂತಿಡಾಂಗ್ ರಸ್ತೆಯ ಬೆಟ್ಟಗಳಲ್ಲಿ ಕಳೆದರು. ಆಗುಂಬೆಯ ಮಳೆಗಾಲವನ್ನು ತಿಂಗಳುಗಟ್ಟಲೆ ಟಾರ್ಪಾಲಿನ ಕೆಳಗೆ ಕಳೆದಂತೆ ಅಂದುಕೋ, ಜೊತೆಗೆ ಮಲೇರಿಯಾ, ಎದುರು ಗುಡ್ಡದಲ್ಲಿ ಶತ್ರು. 1945ರ ಜನವರಿಯಲ್ಲಿ ಅದೇ ಕರಾವಳಿಯ ಅಕ್ಯಾಬ್‌ಗೆ, ಆಮೇಲೆ ಮೈಬಾನ್‌ಗೆ, ಆಮೇಲೆ ಕಂಗಾಕ್ಕೆ. ದೋಣಿಯಿಂದ ಇಳಿದರೆ ಕಾಂಡ್ಲಾ ಕಾಡು, ಮೊಣಕಾಲುದ್ದ ಕೆಸರು. ಕಂಗಾದಲ್ಲಿ ಇದೇ ಡಿವಿಷನ್ನಿನ ಒಂದು ಬೆಟಾಲಿಯನ್ನನ್ನು ನಡೆಸಿದ್ದು ನಮ್ಮ ಕೊಡಗಿನ ತಿಮ್ಮಯ್ಯ. ಮುಂದೆ ಭಾರತದ ಸೇನಾ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯ. ಅವರ ಅಂಗಿಯ ಮೇಲೂ ಇದೇ ಇಸ್ಪೀಟ್ ಎಕ್ಕ ಇದ್ದಿರಬೇಕು, ಅಲ್ವಾ?

ಹಾಗಂತ ತಾತ ಕಂಗಾದಲ್ಲಿ ತಿಮ್ಮಯ್ಯನವರ ಪಕ್ಕದಲ್ಲಿ ನಿಂತು ಬಂದೂಕು ಹಾರಿಸಿದರು ಅಂತ ನಾನು ಯಾರಿಗೂ ಹೇಳಲ್ಲ. ಒಂದು ಡಿವಿಷನ್ನಿನಲ್ಲಿ ಸಾವಿರಾರು ಜನ. ತೋಳಿನ ಚಿತ್ರ ಹೇಳುವುದು ಯಾವ ಡಿವಿಷನ್ ಅನ್ನುವುದನ್ನು ಮಾತ್ರ. ಅವರ ಕೆಲಸ ಏನು ಅಂತ ಹೇಳಿದ್ದು ಆ ಹಿತ್ತಾಳೆ ಪಟ್ಟಿ. ಅದು ಭುಜದ ಮೇಲೆ ಹಾಕುವ ಟೈಟಲ್, ಅಂದರೆ ಪಡೆಯ ಹೆಸರಿನ ಪಟ್ಟಿ. ಅರ್ಧ ಮುರಿದಿದೆ, ಆದರೂ ಮದ್ರಾಸ್ ಅನ್ನುವುದೂ ಎಸ್, ಎಂ ಅಕ್ಷರಗಳೂ ಕಾಣುತ್ತವೆ. ಸ್ಯಾಪರ್ಸ್ ಅಂಡ್ ಮೈನರ್ಸ್. ಹಲಸೂರು ಕೆರೆ ಪಕ್ಕದಲ್ಲಿ ಇವತ್ತಿಗೂ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪಿನ ಅಂದಿನ ಹೆಸರು. ಸೇತುವೆ ಕಟ್ಟುವುದು, ರಸ್ತೆ ಹಾಕುವುದು, ಹೂತಿಟ್ಟ ಮೈನ್ ತೆಗೆಯುವುದು ಅವರ ಕೆಲಸ. ಬಡಗಿ, ಕಮ್ಮಾರ, ಗಾರೆಯವರು ಆ ಪಡೆಗೆ ಬೇಕೇ ಬೇಕಿತ್ತು. ಉಳಿ ಹಿಡಿಯುತ್ತಿದ್ದ ನಮ್ಮ ತಾತ ಅಲ್ಲಿ ಸೇರಿಕೊಂಡದ್ದು ಈಗ ಸಹಜ ಅನ್ನಿಸುತ್ತೆ. ಆ ಕೆಸರಿನಲ್ಲಿ ಲಾರಿ, ಟ್ಯಾಂಕು, ಗಾಯಾಳುಗಳ ಸ್ಟ್ರೆಚರ್ ಎಲ್ಲ ಮುಂದೆ ಹೋಗಬೇಕಾದರೆ ಮೊದಲು ಯಾರಾದರೂ ಮರ ಕಡಿದು ದಾರಿ ಹಾಸಬೇಕಿತ್ತು. ಯುದ್ಧದ ಪುಸ್ತಕಗಳಲ್ಲಿ ಗುಡ್ಡ ಹಿಡಿದವರ ಹೆಸರು ಇರುತ್ತೆ, ದಾರಿ ಹಾಸಿದವರದ್ದು ಇರುವುದು ಕಡಿಮೆ. ಇದು ನನಗೆ ತುಂಬಾ ನೋವಿನ ವಿಷಯ.

ಇನ್ನು ಸುಬೇದಾರ್ ಮಾತು. ಅಂಗಿಯ ತೋಳಿನಲ್ಲಿ ವಿ ಆಕಾರದ ಎರಡು ಪಟ್ಟಿ ಇವೆ. ಒಂದು ಪಟ್ಟಿ ಲ್ಯಾನ್ಸ್ ನಾಯಕ್, ಎರಡು ನಾಯಕ್, ಮೂರು ಹವಾಲ್ದಾರ್. ಸುಬೇದಾರ್ ಇವರೆಲ್ಲರಿಗಿಂತ ಮೇಲಿನ ದರ್ಜೆ, ಅವರಿಗೆ ತೋಳಿನಲ್ಲಿ ಪಟ್ಟಿ ಇರಲ್ಲ, ಭುಜದ ಮೇಲೆ ಎರಡು ನಕ್ಷತ್ರ ಇರುತ್ತೆ. ತೋಳನ್ನು ಒಳಮಗ್ಗುಲು ತಿರುಗಿಸಿ ಬೆಳಕಿಗೆ ಹಿಡಿದೆ. ಈಗಿನ ಹೊಲಿಗೆಯ ನಡುವೆ ಬೇರೆ ದಾರದ ಸಣ್ಣ ಸಣ್ಣ ತೂತುಗಳ ಸಾಲು ಕಂಡಿತು, ಒಂದೇ ಒಂದು ಪಟ್ಟಿಯ ಆಕಾರದಲ್ಲಿ. ಅಲ್ಲಲ್ಲಿ ಬಿಳಿ ದಾರದ ಚೂರು ಇನ್ನೂ ಸಿಕ್ಕಿಕೊಂಡಿದೆ. ಅಂದರೆ ಈ ಅಂಗಿ ಕೈಗೆ ಬಂದಾಗ ಅವರು ಲ್ಯಾನ್ಸ್ ನಾಯಕ್. ಇದನ್ನು ತೊಟ್ಟುಕೊಂಡೇ, 1944ರಲ್ಲೋ ಆಮೇಲೋ, ನಾಯಕ್ ಆದರು. ಎರಡನೇ ಸಲದ ಹೊಲಿಗೆ ಬಲು ಅಚ್ಚುಕಟ್ಟು. ಅದು ಅವರದೇ ಕೈ ಅಂತ ನನ್ನ ಮನಸ್ಸು ಹೇಳುತ್ತೆ.

ದೊಡ್ಡಪ್ಪನಿಗೆ ಹೇಳಿದಾಗ ಅವರಿಗೆ ಬೇಜಾರಾಯಿತು. ಅಪ್ಪ ಸುಬೇದಾರ್ ಅಂತಲೇ ಬೆಳೆದವರು ಅವರು. ನನಗೆ ಮಾತ್ರ ನಾಯಕ್ ಅನ್ನುವುದೇ ಹೆಚ್ಚು ಹೆಮ್ಮೆ. ಊರಿನವರು ಪ್ರೀತಿಯಿಂದ ಕೊಟ್ಟ ಹೆಸರು ಒಂದು ಕಡೆ ಇರಲಿ. ಆ ಮಳೆಯಲ್ಲಿ ದುಡಿದು ತೋಳಿಗೆ ಹೊಲಿದುಕೊಂಡ ಎರಡನೇ ಪಟ್ಟಿ ಅವರು ಸಂಪಾದಿಸಿದ್ದು.

ರಿಬ್ಬನ್ ಬಗ್ಗೆ ಜಾಸ್ತಿ ಹೇಳಲ್ಲ. ಕಡು ನೀಲಿ, ನಡುವೆ ಅಗಲ ಕೆಂಪು, ಎರಡೂ ಬದಿಗೆ ಸಣ್ಣ ಕಿತ್ತಳೆ ಗೆರೆ. ಅದು ಬರ್ಮಾ ಯುದ್ಧದಲ್ಲಿ ದುಡಿದವರಿಗೆ ಕೊಟ್ಟ ಬರ್ಮಾ ಸ್ಟಾರ್ ಪದಕದ ರಿಬ್ಬನ್. ಅಂಗಿ ಹೇಳಿದ್ದಕ್ಕೂ ಇದಕ್ಕೂ ತಾಳೆಯಾಯಿತು. ಪದಕ ಮಾತ್ರ ಮನೆಯಲ್ಲಿಲ್ಲ. ನಿಮ್ಮಲ್ಲಿ ಪದಕ ಇದ್ದರೆ ಅದರ ಅಂಚು, ಹಿಂಬದಿ ಎರಡನ್ನೂ ಚೆನ್ನಾಗಿ ನೋಡು. ಭಾರತೀಯ ಸೈನಿಕರಿಗೆ ಕೊಟ್ಟ ಪದಕಗಳಲ್ಲಿ ಸಾಮಾನ್ಯವಾಗಿ ಅವರ ನಂಬರ್, ಹೆಸರು, ಪಡೆಯ ಹೆಸರು ಕೊರೆದಿರುತ್ತಾರೆ. ಆ ನಂಬರ್ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಈಗ ನೀನು ಕಳಿಸಿದ ಬ್ಯಾಡ್ಜಿನ ಫೋಟೋಗೆ ಬರುತ್ತೀನಿ. ಅದರಲ್ಲಿರುವುದು ಗಂಡಭೇರುಂಡ. ನಿಮ್ಮ ತಾತ ಸಿಂಗಾಪುರದಲ್ಲಿ ಸೆರೆಯಾಗಿದ್ದರು ಅಂತ ಅಮ್ಮ ಹೇಳುತ್ತಾರಲ್ಲ, ಆ ಮಾತಿಗೂ ಇದಕ್ಕೂ ಹೊಂದುತ್ತೆ. ಮೈಸೂರು ಸಂಸ್ಥಾನದ ಒಂದನೇ ಮೈಸೂರು ಇನ್‌ಫೆಂಟ್ರಿ ಅನ್ನುವ ಕಾಲಾಳು ಪಡೆ ಸಿಂಗಾಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಉಳಿದ ಎಲ್ಲರ ಜೊತೆ ಅವರೂ ಶರಣಾಗಬೇಕಾಯಿತು. ಆದರೆ ಸ್ವಲ್ಪ ತಡಿ, ಈಗಲೇ ಖಚಿತ ಅಂದುಕೊಳ್ಳಬೇಡ. ಸಂಸ್ಥಾನದಲ್ಲಿ ಗಂಡಭೇರುಂಡ ಬರೀ ಸೈನ್ಯದ ಗುರುತಾಗಿರಲಿಲ್ಲ. ಕಚೇರಿಯ ದಫೇದಾರ ಎದೆಗೆ ಅಡ್ಡ ಹಾಕುವ ಡವಾಲಿ ಪಟ್ಟಿಯ ಬಿಲ್ಲೆಯ ಮೇಲೂ ಅದೇ ಇರುತ್ತಿತ್ತು. ಬ್ಯಾಡ್ಜನ್ನು ತಿರುಗಿಸಿ ನೋಡು. ಟೋಪಿಗೋ ಪೇಟಕ್ಕೋ ಸಿಕ್ಕಿಸುವ ಕೊಂಡಿ ಇದೆಯಾ, ಇಲ್ಲ ಅಗಲವಾದ ಪಟ್ಟಿಗೆ ಕೂರಿಸುವ ಹಾಗಿದೆಯಾ? ಕೆಳಗೆ ಅಕ್ಷರ ಏನಾದರೂ ಇದೆಯಾ? ಅದು ತಿಳಿಯದೆ ಮುಂದೆ ಹೋಗುವುದು ಬೇಡ.

ಸೈನ್ಯದ್ದೇ ಅಂತಾದರೆ ಆಮೇಲೆ ದಾರಿ ಇದೆ. ಸಿಂಗಾಪುರದ ಕ್ರಾಂಜಿಯಲ್ಲಿ ಸಮಾಧಿಯೂ ಇಲ್ಲದೆ ಸತ್ತ ಸೈನಿಕರ ಹೆಸರುಗಳನ್ನು ಗೋಡೆಗಳ ಮೇಲೆ ಕೊರೆದಿದ್ದಾರೆ. ನಿಮ್ಮ ತಾತ ವಾಪಸ್ ಬಂದರು, ಅವರ ಹೆಸರು ಅಲ್ಲಿರಲ್ಲ. ಜೊತೆಗಿದ್ದವರದ್ದು ಇರಬಹುದು, ಅದೇ ಊರು, ಅದೇ ತಾಲೂಕಿನವರದ್ದೂ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಪಡೆಯ ಹೆಸರು ಹಾಕಿ ಹುಡುಕಬಹುದು, ಕಾಸು ಕೊಡಬೇಕಿಲ್ಲ. ಬರ್ಮಾ ಕಡೆಯ ಪಡೆಗಳ ದಿನಚರಿ ಲಂಡನ್ನಿನ ಕ್ಯೂ ಅನ್ನುವ ಜಾಗದಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ನನ್ನ ಮುಂದಿನ ಕೆಲಸ ಅದು. ಆ ದಿನಚರಿಗಳಲ್ಲಿ ಆಫೀಸರ್‌ಗಳ ಹೆಸರೇ ಹೆಚ್ಚು, ಒಬ್ಬ ನಾಯಕ್ ದರ್ಜೆಯವರ ಹೆಸರು ಸಿಗುವುದು ಅಪರೂಪ. ಆದರೆ ಯಾವ ದಿನ ಯಾವ ಹೊಳೆಗೆ ಸೇತುವೆ ಹಾಕಿದರು ಅನ್ನುವುದು ಸಿಗುತ್ತೆ. ನನಗೆ ಅಷ್ಟು ಸಾಕು.

ಇನ್ನೊಂದು ಮಾತು. ಹಳೇ ಸಾಮಾನು ಮಾರುವವರು ಯಾರಾದರೂ ಬಂದು ಒಳ್ಳೆ ಬೆಲೆ ಹೇಳಿದರೆ ಕೊಡಬೇಡ. ಹಾಗೆಯೇ ನಿಮ್ಮ ಬ್ಯಾಡ್ಜಿಗೆ ಜೋಡಿ ಅಂತ ಆನ್‌ಲೈನಿನಲ್ಲಿ ಏನನ್ನೂ ಕೊಳ್ಳಬೇಡ. ಹೊಸದಾಗಿ ಮಾಡಿ ಹಳೇದು ಅಂತ ಮಾರುವುದು ಬೇಕಾದಷ್ಟಿದೆ. ಮನೆಯ ಟ್ರಂಕಿನಲ್ಲೇ ಇದ್ದದ್ದು ಅನ್ನುವ ಕಾರಣಕ್ಕೇ ನಿನ್ನ ಬ್ಯಾಡ್ಜಿಗೆ ಬೆಲೆ.

ನಾಳೆ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದು ಕಳಿಸು. ಬ್ಯಾಡ್ಜಿನ ಹಿಂದೆ ಮುಂದೆ, ಅಂಗಿಯ ಕಾಲರ್ ಒಳಗೆ, ತೋಳಿನ ಒಳಮಗ್ಗುಲು. ಬೆಲ್ಟ್, ಚೀಲ, ಮಗ್ ಏನಿದ್ದರೂ ಅದರ ಮೇಲೆ ನಂಬರ್ ಗೀಚಿದೆಯಾ ನೋಡು. ನಿಮ್ಮ ಸೋದರತ್ತೆ ಮನೆಯಲ್ಲಿ ತಾತನ ಯೂನಿಫಾರ್ಮಿನ ಫೋಟೋ ಒಂದಿತ್ತು ಅಂತ ನೀನೇ ಯಾವಾಗಲೋ ಹೇಳಿದ್ದೆ. ಈ ವಾರವೇ ಹೋಗಿ ಬಾ. ಫ್ರೇಮ್ ಬಿಚ್ಚಿ ಫೋಟೋದ ಹಿಂದೆ ಸ್ಟುಡಿಯೋ ಸೀಲ್ ಇದೆಯಾ ಅಂತಲೂ ನೋಡು.

ನಿನ್ನ ಉತ್ತರಕ್ಕೆ ಕಾಯುತ್ತಿರುವ,
ನಿನ್ನ ಗೆಳೆಯ